ಸ್ಥಾನವಿಲ್ಲದ ಕೆಲಸ, ಕೆಲಸವಿಲ್ಲದ ಸ್ಥಾನ: ಸುನ್ ವುಕಾಂಗ್ ದಂಗೆ ಎದ್ದದ್ದು ಯಾಕೆ?

ಭಾನುವಾರದ ಕಥೆಗಾರ

ನಮ್ಮೂರಿನ ಗ್ರಂಥಾಲಯದಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕಥೆ ಹೇಳುತ್ತೇನೆ. ಈ ಸಲ ಎತ್ತಿಕೊಂಡದ್ದು ಚೀನಾದ ವಾನರರಾಜ ಸುನ್ ವುಕಾಂಗ್‌ನ ಕಥೆ. ‘ಪಶ್ಚಿಮ ಯಾತ್ರೆ’ ನೂರು ಅಧ್ಯಾಯಗಳ ದೊಡ್ಡ ಕಾದಂಬರಿ. ಕೋತಿ ದೇವಲೋಕದ ಮೇಲೆ ತಿರುಗಿ ಬೀಳುವ ಭಾಗ ಮಾತ್ರ ಮೊದಲ ಏಳು ಅಧ್ಯಾಯಗಳಲ್ಲೇ ಮುಗಿಯುತ್ತದೆ. ಹಾಗಾಗಿ ಏಳು ಭಾನುವಾರ ಎಂದು ಲೆಕ್ಕ ಹಾಕಿದ್ದೆ.

ಮೂರು ವಾರ ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಪುಷ್ಪಫಲ ಪರ್ವತದ ನೆತ್ತಿಯ ಮೇಲೆ ಮೂವತ್ತಾರೂವರೆ ಅಡಿ ಎತ್ತರದ ಬಂಡೆ, ಅದು ಬಿರಿದು ಹುಟ್ಟಿದ ಕೋತಿ, ಜಲಪಾತದ ಪರದೆಯ ಹಿಂದಿನ ಗುಹೆ, ಎಪ್ಪತ್ತೆರಡು ರೂಪಗಳ ವಿದ್ಯೆ, ಒಂದೇ ಲಾಗಕ್ಕೆ 1,08,000 ಲೀ ದೂರ ದಾಟುವ ಮೋಡದ ಜಿಗಿತ, ಸಮುದ್ರದ ತಳದಿಂದ ಕಿತ್ತು ತಂದು ಸೂಜಿಯಷ್ಟು ಕಿರಿದಾಗಿಸಿ ಕಿವಿಯೊಳಗೆ ಇಟ್ಟುಕೊಳ್ಳುವ 13,500 ಜಿನ್ ತೂಕದ ಕಬ್ಬಿಣದ ದಂಡ. ಮಕ್ಕಳಿಗೆ ಇನ್ನೇನು ಬೇಕು?

ನಾಲ್ಕನೆಯ ವಾರ ಜಗಳ ಹುಟ್ಟಿತು. ಜೇಡ್ ಚಕ್ರವರ್ತಿ, ಅಂದರೆ ದೇವಲೋಕದ ದೊರೆ, ಕೋತಿಯನ್ನು ಕರೆಸಿ ‘ಬೀಮಾವೆನ್’ ಎಂಬ ಹುದ್ದೆ ಕೊಡುತ್ತಾನೆ. ಸ್ವರ್ಗದ ಸಾವಿರ ಕುದುರೆಗಳ ಉಸ್ತುವಾರಿ. ಕೋತಿ ಹಗಲು ರಾತ್ರಿ ನಿದ್ದೆಗೆಟ್ಟು ಅವುಗಳನ್ನು ನೋಡಿಕೊಳ್ಳುತ್ತಾನೆ, ಕುದುರೆಗಳು ಮೈತುಂಬಿಕೊಳ್ಳುತ್ತವೆ. ಹದಿನೈದು ದಿನದ ಮೇಲೆ ಜೊತೆಯವರು ಅವನನ್ನು ಸ್ವಾಗತಿಸಲು ಊಟ ಹಾಕಿಸಿದಾಗ, ನನ್ನ ಹುದ್ದೆ ಎಷ್ಟನೆಯ ದರ್ಜೆಯದು ಎಂದು ಕೇಳುತ್ತಾನೆ. ದರ್ಜೆಯೇ ಇಲ್ಲ ಎಂಬ ಉತ್ತರ ಬರುತ್ತದೆ. ಬಹಳ ದೊಡ್ಡದಿರಬೇಕು ಅಂದುಕೊಂಡರೆ, ಅಲ್ಲ, ದರ್ಜೆಯ ಲೆಕ್ಕಕ್ಕೇ ಸೇರದಷ್ಟು ಚಿಕ್ಕದು. ಕೋತಿ ಮೇಜು ಉರುಳಿಸಿ, ದಂಡ ಬೀಸುತ್ತ ಸ್ವರ್ಗದ ದಕ್ಷಿಣ ದ್ವಾರ ದಾಟಿ ಮನೆಗೆ ಹೊರಟುಬಿಡುತ್ತಾನೆ.

ಅರ್ಧ ಮಕ್ಕಳು ‘ಅಹಂಕಾರ’ ಎಂದರು. ಇನ್ನರ್ಧ ಮಕ್ಕಳು ‘ಮೋಸ’ ಎಂದರು. ನಾನು ಎರಡನೆಯ ಗುಂಪಿನವನು. ಆದರೆ ಬಹುಪಾಲು ಪುಸ್ತಕಗಳ ಬೆನ್ನುಡಿಯಲ್ಲಿ ‘ಗರ್ವಿಷ್ಠ ಕೋತಿಯ ಗರ್ವಭಂಗ’ ಎಂದೇ ಇರುತ್ತದೆ. ಕಥೆಯನ್ನು ಬಲ್ಲವರು ಇಲ್ಲಿದ್ದೀರಿ. ನಿಮಗೆ ಏನು ಅನ್ನಿಸುತ್ತದೆ? ಜೊತೆಗೆ ಇನ್ನೊಂದು ಕೋರಿಕೆ. ಬೀಮಾವೆನ್ ಎಂಬುದಕ್ಕೆ ಒಳ್ಳೆಯ ಕನ್ನಡ ಪದ ಬೇಕು.

ಹಳೆಯ ಮೇಷ್ಟ್ರು

ಗರ್ವ ಇಲ್ಲವೆಂದು ಹೇಗೆ ಹೇಳುತ್ತೀರಿ? ಐದನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಪೀಚ್ ತೋಟವನ್ನು ಕಾಯಲು ಅವನ ಕೈಗೆ ಒಪ್ಪಿಸಿರುತ್ತಾರೆ. ಮೂರು ಸಾವಿರದ ಆರುನೂರು ಮರಗಳು. ಮುಂದಿನ ಸಾವಿರದ ಇನ್ನೂರು ಮರಗಳಲ್ಲಿ ಮೂರು ಸಾವಿರ ವರ್ಷಕ್ಕೊಮ್ಮೆ ಹಣ್ಣು, ನಡುವಿನವುಗಳಲ್ಲಿ ಆರು ಸಾವಿರ ವರ್ಷಕ್ಕೊಮ್ಮೆ, ಹಿಂದಿನವುಗಳಲ್ಲಿ ಒಂಬತ್ತು ಸಾವಿರ ವರ್ಷಕ್ಕೊಮ್ಮೆ. ಕಾಯಬೇಕಾದವನೇ ಜೊತೆಗಿದ್ದ ಆಳುಗಳನ್ನು ಆಚೆ ಕಳಿಸಿ, ಮರ ಹತ್ತಿ, ಕಳಿತ ಹಣ್ಣನ್ನೆಲ್ಲ ತಿಂದುಹಾಕುತ್ತಾನೆ. ಇದನ್ನು ಬೇಲಿಯೇ ಹೊಲ ಮೇಯುವುದು ಎನ್ನುತ್ತಾರೆ.

ಗಮನಿಸಬೇಕಾದದ್ದು ಕ್ರಮ. ಈ ಹಣ್ಣುಗಳಿಗಾಗಿ ದೇವಲೋಕದಲ್ಲಿ ನಡೆಯುವ ಔತಣಕ್ಕೆ ತನ್ನನ್ನು ಕರೆದಿಲ್ಲ ಎಂಬ ವಿಷಯ ಅವನಿಗೆ ತಿಳಿಯುವುದು ಹಣ್ಣು ಕದ್ದ ಮೇಲೆ. ಹಣ್ಣು ಕೀಳಲು ಬಂದ ಏಳು ಜನ ದೇವಕನ್ಯೆಯರಿಂದ. ಆ ಹೆಣ್ಣುಮಕ್ಕಳು ಅವನಿಗೆ ಏನು ಅನ್ಯಾಯ ಮಾಡಿದ್ದರು? ಅವರನ್ನು ಮಂತ್ರ ಹಾಕಿ ನಿಂತಲ್ಲೇ ಮರಗಟ್ಟಿಸುತ್ತಾನೆ. ಔತಣಕ್ಕೆ ಹೊರಟಿದ್ದ ಬರಿಗಾಲಿನ ಸಿದ್ಧನಿಗೆ ಸುಳ್ಳು ಹೇಳಿ ಬೇರೆ ದಾರಿ ಹಿಡಿಸುತ್ತಾನೆ. ಮದ್ಯ ಕುಡಿದು, ದೇವಲೋಕದಲ್ಲಿ ಅಮೃತ ತಯಾರಿಸುವ ಲಾವೋತ್ಸೆಯ ಮನೆಗೆ ನುಗ್ಗಿ ಅಮೃತದ ಗುಳಿಗೆಗಳನ್ನು ಹುರಿಗಡಲೆಯಂತೆ ಮುಕ್ಕುತ್ತಾನೆ. ಅವಮಾನವಾಯಿತು ಎಂಬ ಒಂದೇ ಮಾತಿನಿಂದ ಇಷ್ಟನ್ನೂ ತೊಳೆದುಬಿಡಬಾರದು. ಮಕ್ಕಳ ಮುಂದೆ ಹೇಳುವಾಗ ಇನ್ನಷ್ಟು ಎಚ್ಚರ ಬೇಕು.

ಭಾನುವಾರದ ಕಥೆಗಾರ

ಮೇಷ್ಟ್ರೇ, ಕಳ್ಳತನ ಕಳ್ಳತನವೇ, ಒಪ್ಪುತ್ತೇನೆ. ದೇವಕನ್ಯೆಯರ ವಿಷಯದಲ್ಲೂ ನಿಮ್ಮ ಮಾತು ಸರಿ. ಆದರೆ ಆ ತೋಟದ ಕೆಲಸ ಅವನಿಗೆ ಹೇಗೆ ಬಂತು ನೋಡಿ.

ಲಾಯ ಬಿಟ್ಟು ಬಂದ ಮೇಲೆ ಅವನು ‘ಸ್ವರ್ಗಕ್ಕೆ ಸಮನಾದ ಮಹಾಮುನಿ’ ಎಂದು ಬಾವುಟ ಏರಿಸುತ್ತಾನೆ. ಪಗೋಡ ಹಿಡಿದ ಲೀ ಜಿಂಗ್ ಸೈನ್ಯ ತಂದು ಸೋಲುತ್ತಾನೆ. ಅವನ ಮಗ ನೇಜಾ ಮೂರು ತಲೆ ಆರು ತೋಳು ತಳೆದೂ ಸೋಲುತ್ತಾನೆ. ಆಗ ಶುಕ್ರತಾರೆಯ ಮುದುಕ ಚಕ್ರವರ್ತಿಗೆ ಒಂದು ಉಪಾಯ ಹೇಳುತ್ತಾನೆ: ಬಿರುದನ್ನು ಕೊಟ್ಟುಬಿಡೋಣ, ಅಧಿಕಾರವೂ ಬೇಡ, ಸಂಬಳವೂ ಬೇಡ. ಹಾಗೆಯೇ ಆಗುತ್ತದೆ. ಅವನಿಗೊಂದು ಅರಮನೆ ಕಟ್ಟಿಸಿ, ಒಳಗೆ ಎರಡು ಕಚೇರಿ ತೆರೆಯುತ್ತಾರೆ. ಒಂದರ ಹೆಸರು ಶಾಂತಿ, ಇನ್ನೊಂದರ ಹೆಸರು ಚಿತ್ತಸಮಾಧಾನ. ಮಾಡಲು ಮಾತ್ರ ಏನೂ ಇಲ್ಲ.

ಮೊದಲು ಕೊಟ್ಟದ್ದು ಸ್ಥಾನವಿಲ್ಲದ ಕೆಲಸ. ಆಮೇಲೆ ಕೊಟ್ಟದ್ದು ಕೆಲಸವಿಲ್ಲದ ಸ್ಥಾನ. ಎರಡು ಸಲವೂ ಸುತ್ತಲಿದ್ದ ಪ್ರತಿಯೊಬ್ಬರಿಗೂ ಸತ್ಯ ಗೊತ್ತಿತ್ತು, ಅವನೊಬ್ಬನಿಗೆ ಬಿಟ್ಟು. ನನಗೆ ಕೆಣಕುವುದು ಇದೇ. ಸಣ್ಣ ಕೆಲಸ ಕೊಟ್ಟದ್ದು ತಪ್ಪಲ್ಲ, ಸಣ್ಣದೆಂದು ಹೇಳದೆ ಕೊಟ್ಟದ್ದು ತಪ್ಪು. ಕುದುರೆ ಕಾಯುವುದನ್ನು ಅವನು ಕೀಳೆಂದು ಬಗೆದಿರಲಿಲ್ಲ. ಆ ಹದಿನೈದು ದಿನ ಅವನಷ್ಟು ಶ್ರದ್ಧೆಯಿಂದ ದೇವಲೋಕದಲ್ಲಿ ಯಾರಾದರೂ ದುಡಿದದ್ದನ್ನು ಕಾದಂಬರಿ ತೋರಿಸುವುದಿಲ್ಲ.

ಶಾಸನಪ್ರಿಯ

ಪದದ ಪ್ರಶ್ನೆಗೆ ಬರುತ್ತೇನೆ. ಬೀಮಾವೆನ್ ಎಂಬುದರಲ್ಲೇ ಒಂದು ಗುಟ್ಟಿದೆ. ಅದೇ ಉಚ್ಚಾರವನ್ನು ಬೇರೆ ಅಕ್ಷರಗಳಲ್ಲಿ ಬರೆದರೆ ‘ಕುದುರೆಯ ಜಾಡ್ಯವನ್ನು ತಡೆಯುವುದು’ ಎಂಬ ಅರ್ಥ ಹೊರಡುತ್ತದೆ. ಲಾಯದಲ್ಲಿ ಕೋತಿ ಕಟ್ಟಿದರೆ ಕುದುರೆಗಳಿಗೆ ರೋಗ ತಗಲುವುದಿಲ್ಲ ಎಂಬ ನಂಬಿಕೆ ಹಿಂದಿನ ಚೀನಾದಲ್ಲಿತ್ತು. ಅಂದರೆ ಅವನನ್ನು ಅಧಿಕಾರಿಯಾಗಿ ಕರೆಸಲಿಲ್ಲ, ಲಾಯದಲ್ಲಿ ಕಟ್ಟುವ ಕೋತಿಯಾಗಿ ಕರೆಸಿದರು. ಹುದ್ದೆಯ ಹೆಸರಿನಲ್ಲೇ ಆ ಅಣಕ ಅಡಗಿತ್ತು. ಮುಂದಿನ ಅಧ್ಯಾಯಗಳಲ್ಲಿ ದಾರಿಯ ರಾಕ್ಷಸರು ಅವನನ್ನು ರೇಗಿಸಬೇಕೆಂದಾಗ ಬೀಮಾವೆನ್ ಎಂದೇ ಕೂಗುತ್ತಾರೆ. ಅದು ಅವನ ಮೈಯಲ್ಲಿ ಮಾಯದ ಗಾಯ.

ಲಾಯದ ಕೋತಿ ನಮ್ಮ ಕಡೆಗೂ ಹೊಸತಲ್ಲ. ಪಂಚತಂತ್ರದಲ್ಲಿ ಸುಟ್ಟಗಾಯದ ಕುದುರೆಗಳಿಗೆ ಕೋತಿಯ ಕೊಬ್ಬೇ ಔಷಧ ಎಂದು ಅರಸನ ಕೋತಿಗಳನ್ನು ಕೊಲ್ಲಿಸುವ ಕಥೆ ಇದೆಯಲ್ಲ. ಹರ್ಷವರ್ಧನನ ‘ರತ್ನಾವಳಿ’ ನಾಟಕದ ಎರಡನೆಯ ಅಂಕದಲ್ಲಿ ಲಾಯದಿಂದ ಕೋತಿಯೊಂದು ಸರಪಳಿ ಕಿತ್ತುಕೊಂಡು ಅರಮನೆಗೆ ನುಗ್ಗಿ ಅಂತಃಪುರವನ್ನೆಲ್ಲ ಚೆದುರಿಸುತ್ತದೆ. ಇದೇ ಹರ್ಷ ಹ್ಯುಯೆನ್ ತ್ಸಾಂಗನನ್ನು ತನ್ನ ಆಸ್ಥಾನದಲ್ಲಿ ಆದರಿಸಿದವನು. ‘ಪಶ್ಚಿಮ ಯಾತ್ರೆ’ಯಲ್ಲಿ ಸುನ್ ವುಕಾಂಗ್‌ನ ಗುರುವಾಗುವ ಭಿಕ್ಷು ಅದೇ ಹ್ಯುಯೆನ್ ತ್ಸಾಂಗ್. ಇದರಿಂದ ಅದು ಬಂತು ಎಂದು ನಾನು ವಾದಿಸುತ್ತಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ನೋಡಿದಾಗ ಮೈ ಜುಮ್ಮೆನ್ನುತ್ತದೆ, ಅಷ್ಟೆ.

ಕನ್ನಡಕ್ಕೆ ನನ್ನ ಸಲಹೆ ‘ಸಾಹಣಿ’. ನಮ್ಮ ಶಾಸನಗಳಲ್ಲಿ ಕುದುರೆಪಡೆಯ ಅಧಿಕಾರಿಗೆ ಸಾಹಣಿ, ಮಹಾಸಾಹಣಿ ಎಂಬ ಹೆಸರುಗಳಿವೆ.

ಹಳೆಯ ಮೇಷ್ಟ್ರು

ಸಾಹಣಿ ಗೌರವದ ಹುದ್ದೆ. ಇಲ್ಲಿ ಬೇಕಾಗಿರುವುದು ಅದರ ತದ್ವಿರುದ್ಧ ಅಲ್ಲವೇ?

ಶಾಸನಪ್ರಿಯ

ಗೌರವದ್ದಾದ ಕಾರಣಕ್ಕೇ ಅದನ್ನು ಸೂಚಿಸಿದೆ. ಕೋತಿಯ ಕಿವಿಗೆ ಮೊದಲು ಬೀಳುವುದು ಘನವಾದ ಹೆಸರು. ದೇವಲೋಕದವರು ಅವನನ್ನು ‘ಮಹಾಸಾಹಣಿ’ ಎಂದು ಕರೆಯಲಿ. ಊಟದ ಮನೆಯಲ್ಲಿ ಸತ್ಯ ಹೊರಬೀಳುವಾಗ ಜೊತೆಯವನೊಬ್ಬ ‘ಲಾಯದಾಳು’ ಎನ್ನಲಿ. ಎರಡು ಪದಗಳ ನಡುವೆ ಎಷ್ಟು ದೂರವಿದೆಯೋ ಅವನ ಸಿಟ್ಟೂ ಅಷ್ಟೇ ದೊಡ್ಡದು.

ತುಂಗೆಯ ದಡದಿಂದ

ನಾನು ಹುಟ್ಟಿ ಬೆಳೆದದ್ದು ಹನುಮಪ್ಪನ ಗುಡಿಯ ಎದುರಿಗೇ. ಸುನ್ ವುಕಾಂಗ್‌ನ ಕಥೆ ಓದುವಾಗಲೆಲ್ಲ ಬಾಲ ಹನುಮ ಸೂರ್ಯನನ್ನು ಹಣ್ಣೆಂದು ಹಿಡಿಯಲು ಹಾರಿದ್ದು ನೆನಪಾಗುತ್ತದೆ. ಅದೂ ಒಂದು ಕೋತಿ ಸ್ವರ್ಗದ ಮೇಲೆ ಏರಿ ಹೋದ ಕಥೆಯೇ. ಇಂದ್ರ ವಜ್ರಾಯುಧದಿಂದ ದವಡೆಗೆ ಹೊಡೆದು ಕೆಡವುತ್ತಾನೆ. ಆಮೇಲೆ ಏನಾಗುತ್ತದೆ? ಅಪ್ಪ ವಾಯು ಮಗುವನ್ನು ಎತ್ತಿಕೊಂಡು ಗುಹೆ ಸೇರಿ ಲೋಕದ ಉಸಿರನ್ನೇ ನಿಲ್ಲಿಸುತ್ತಾನೆ. ದೇವತೆಗಳೆಲ್ಲ ಓಡಿ ಬಂದು ಕೂಸಿಗೆ ಒಬ್ಬೊಬ್ಬರೂ ಒಂದೊಂದು ವರ ಕೊಟ್ಟು ಸಮಾಧಾನ ಮಾಡುತ್ತಾರೆ.

ಸುನ್ ವುಕಾಂಗ್ ಕಲ್ಲಿನಿಂದ ಹುಟ್ಟಿದವನು. ಅವನಿಗಾಗಿ ಉಸಿರು ಬಿಗಿಹಿಡಿದು ಕೂರುವ ಅಪ್ಪ ಇಲ್ಲ. ಗುರುವಾದರೂ ಇದ್ದನೇ? ವಿದ್ಯೆ ಕಲಿಸಿದ ಸುಬೋಧಿ, ಸಹಪಾಠಿಗಳ ಮುಂದೆ ಪೈನ್ ಮರವಾಗಿ ತೋರಿಸಿದ ಒಂದೇ ತಪ್ಪಿಗೆ ಅವನನ್ನು ಹೊರಗಟ್ಟುತ್ತಾನೆ. ನನ್ನ ಶಿಷ್ಯನೆಂದು ಎಲ್ಲಿಯೂ ಬಾಯಿ ಬಿಡಬೇಡ ಎಂದು ಕಟ್ಟಪ್ಪಣೆ ಮಾಡಿ ಕಳಿಸುತ್ತಾನೆ. ಹುಟ್ಟಿದ ದಿನ ಅವನ ಕಣ್ಣುಗಳಿಂದ ಹೊರಟ ಬೆಳಕು ಸ್ವರ್ಗದ ಅರಮನೆಯನ್ನು ಮುಟ್ಟಿತ್ತು. ಚಕ್ರವರ್ತಿ ದೂತರನ್ನು ಕಳಿಸಿ ವಿಚಾರಿಸಿ, ಇದರಲ್ಲಿ ಅಚ್ಚರಿಯೇನಿಲ್ಲ ಎಂದು ಸುಮ್ಮನಾದ. ಇಬ್ಬರೂ ಕೋತಿಗಳು, ಇಬ್ಬರೂ ಆಕಾಶಕ್ಕೆ ಹಾರಿದವರು. ಒಬ್ಬನಿಗೆ ಕೇಳುವವರಿದ್ದರು, ಇನ್ನೊಬ್ಬನಿಗೆ ಇರಲಿಲ್ಲ. ಇದನ್ನು ಬರೆಯುವಾಗ ನನ್ನ ಗಂಟಲು ಕಟ್ಟುತ್ತಿದೆ.

ರಾತ್ರಿ ಓದುಗ

ಹಾಗಾದರೆ ಸುನ್ ವುಕಾಂಗ್ ನಮ್ಮ ಹನುಮಂತನೇ, ಅಲ್ಲವೇ? ಬೌದ್ಧರ ಜೊತೆ ಚೀನಾಕ್ಕೆ ಹೋದವನು?

ಶಾಸನಪ್ರಿಯ

ಅಷ್ಟು ಬೇಗ ತೀರ್ಮಾನ ಬೇಡ. ಹನುಮಂತನಿಂದ ಬಂದಿರಬೇಕೆಂದು 1920ರ ದಶಕದಲ್ಲಿ ವಾದಿಸಿದವರು ಚೀನಾದ ವಿದ್ವಾಂಸ ಹೂ ಶಿಹ್. ಅಲ್ಲಿನ ಸಾಹಿತಿ ಲೂ ಶುನ್ ಅದನ್ನು ಒಪ್ಪದೆ, ಹ್ವಾಯ್ ನದಿಯ ವೂಝಿಚಿ ಎಂಬ ಕಪಿರೂಪದ ಜಲಪಿಶಾಚಿಯನ್ನು ತೋರಿಸಿದರು. ಪ್ರವಾಹ ನಿಯಂತ್ರಿಸಿದ ಯೂ ದೊರೆ ಅದನ್ನು ಬೆಟ್ಟದ ಬುಡದಲ್ಲಿ ಕಟ್ಟಿಹಾಕಿದ ಎಂಬ ಐತಿಹ್ಯವಿದೆ. ಸುನ್ ವುಕಾಂಗ್‌ನ ದಂಡ ಕೂಡ ಮೂಲತಃ ಯೂ ದೊರೆ ನೀರಿನ ಆಳ ಅಳೆಯಲು ಬಳಸಿದ ಕಂಬ ಎನ್ನುತ್ತದೆ ಕಾದಂಬರಿ. ಹಾಗಾಗಿ ಲೂ ಶುನ್ ಮಾತನ್ನು ಸುಲಭವಾಗಿ ತಳ್ಳಿಹಾಕಲಾಗುವುದಿಲ್ಲ.

ಈ ಕಾದಂಬರಿಯ ಈಗ ಉಳಿದಿರುವ ಅತ್ಯಂತ ಹಳೆಯ ಪೂರ್ಣ ಮುದ್ರಣ 1592ರದು, ನಾನ್‌ಜಿಂಗ್‌ನಲ್ಲಿ ಅಚ್ಚಾದದ್ದು. ಅದರಲ್ಲಿ ಲೇಖಕನ ಹೆಸರಿಲ್ಲ. ವೂ ಚೆಂಗ್-ಎನ್ ಬರೆದದ್ದು ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಆ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ನಿಂತಿಲ್ಲ. ಕೋತಿ ಮಾತ್ರ ಅದಕ್ಕಿಂತ ಬಹಳ ಹಳಬ. ದುನ್‌ಹುವಾಂಗ್ ಬಳಿಯ ಯೂಲಿನ್ ಗುಹೆಗಳ ಭಿತ್ತಿಚಿತ್ರಗಳಲ್ಲಿ ಭಿಕ್ಷುವಿನ ಹಿಂದೆ ಕೋತಿಮುಖದ ಸೇವಕ ನಿಂತಿದ್ದಾನೆ. ಚ್ವಾನ್‌ಝೌ ಬಂದರಿನ ಕೈಯುವಾನ್ ದೇವಾಲಯದ ಕಲ್ಲುಗೋಪುರದ ಮೇಲೆ 13ನೆಯ ಶತಮಾನದ ಕೋತಿಯ ಉಬ್ಬುಶಿಲ್ಪವಿದೆ. ಅದೇ ಶತಮಾನದಲ್ಲಿ ಆ ಬಂದರಿನಲ್ಲಿ ತಮಿಳು ವರ್ತಕರು ನೆಲೆಸಿ ಶಿವಾಲಯ ಕಟ್ಟಿಸಿದ್ದರು. ಹನುಮಂತನ ಪಕ್ಷದವರಿಗೆ ಇದು ಬಲವಾದ ಸುಳಿವು, ಆದರೆ ಸುಳಿವು ಮಾತ್ರ.

ಸಂಶಯಕ್ಕೆ ಎಡೆಯಿಲ್ಲದೆ ಇಲ್ಲಿಂದ ಹೋದವರು ಬೇರೆ ಕೆಲವರು. ಪಗೋಡ ಹಿಡಿದ ಲೀ ಜಿಂಗ್‌ನ ಹಿಂದೆ ನಿಂತಿರುವವನು ವೈಶ್ರವಣ, ಅಂದರೆ ನಮ್ಮ ಕುಬೇರ. ನೇಜಾ ಅವನ ಮಗ ನಳಕೂಬರ. ಕೋತಿ ಯಾರ ಕಡತದಿಂದ ತನ್ನ ಹೆಸರನ್ನು ಅಳಿಸುತ್ತಾನೋ ಆ ಯೆನ್‌ಲುವೋ ನಮ್ಮ ಯಮಧರ್ಮನೇ.

ರಾತ್ರಿ ಓದುಗ

ಆ ಕಡತದ ಪ್ರಸಂಗವೇ ನನಗೆ ಇಡೀ ಕಥೆಯ ತಿರುಳು. ದಂಗೆ ಶುರುವಾಗುವುದು ಲಾಯದಲ್ಲಿ ಅಲ್ಲ, ಮೊದಲ ಅಧ್ಯಾಯದ ಔತಣದಲ್ಲಿ. ನೂರಾರು ವರ್ಷ ಸುಖವಾಗಿ ಆಳಿದ ವಾನರರಾಜ ಒಂದು ದಿನ ಊಟದ ನಡುವೆ ಅಳತೊಡಗುತ್ತಾನೆ. ಯಾಕೆಂದು ಕೇಳಿದರೆ, ಮುಂದೊಂದು ದಿನ ಮುದಿಯಾಗಿ ಯಮನ ಕೈಗೆ ಸಿಕ್ಕುತ್ತೇನಲ್ಲ ಎನ್ನುತ್ತಾನೆ. ಉಳಿದ ಕೋತಿಗಳೂ ಮುಖ ಮುಚ್ಚಿಕೊಂಡು ಅಳುತ್ತವೆ. ಆಗ ತೆಪ್ಪ ಕಟ್ಟಿಕೊಂಡು ಒಬ್ಬನೇ ಸಮುದ್ರಕ್ಕೆ ಇಳಿಯುತ್ತಾನೆ. ಗರ್ವಿಗಳು ಹೀಗೆ ಎಲ್ಲರೆದುರು ಕಣ್ಣೀರು ಹಾಕುತ್ತಾರೆಯೇ?

ಮೂರನೆಯ ಅಧ್ಯಾಯದಲ್ಲಿ ಯಮದೂತರು ಮಲಗಿದ್ದವನನ್ನು ಕಟ್ಟಿ ಒಯ್ಯುತ್ತಾರೆ. ಕಡತದಲ್ಲಿ ಕ್ರಮಸಂಖ್ಯೆ 1350: ಸುನ್ ವುಕಾಂಗ್, ಸ್ವರ್ಗದಿಂದ ಹುಟ್ಟಿದ ಕಲ್ಲಿನ ಕೋತಿ, ಆಯುಷ್ಯ 342 ವರ್ಷ, ಸಹಜ ಮರಣ. ಕುಂಚ ತರಿಸಿ ತನ್ನ ಹೆಸರನ್ನು ಹೊಡೆದುಹಾಕುತ್ತಾನೆ. ಅಲ್ಲಿಗೆ ನಿಲ್ಲಿಸುವುದಿಲ್ಲ, ಹೆಸರಿದ್ದ ಕೋತಿಗಳನ್ನೆಲ್ಲ ಹೊಡೆದುಹಾಕುತ್ತಾನೆ. ತನ್ನ ಬಳಗದ ಸಾವನ್ನೂ ಅಳಿಸಿ ಬಂದವನ ಮೇಲೆ ಮೇಲಿನವರಿಗೆ ದೂರು ಹೋಗುತ್ತದೆ, ಆ ದೂರಿನ ಫಲವೇ ಲಾಯದ ಕೆಲಸ. ಕದ್ದ ಮದ್ಯವನ್ನು ಕೂಡ ಅವನು ಒಬ್ಬನೇ ಕುಡಿಯಲಿಲ್ಲ, ಕಂಕುಳಲ್ಲಿ ಜಾಡಿ ಇರುಕಿಕೊಂಡು ಬೆಟ್ಟದ ಮಂದಿಗೆ ತಂದುಕೊಟ್ಟ.

ಬಾದಾಮಿ ಸೀಮೆಯವ

ಭಿಕ್ಷುವಿನ ಮಾತು ಬಂದದ್ದರಿಂದ ಇದನ್ನು ಹೇಳಲೇಬೇಕು. ಕಾದಂಬರಿಯಲ್ಲಿ ಚಕ್ರವರ್ತಿ ಭಿಕ್ಷುವನ್ನು ತಮ್ಮನೆಂದು ಕರೆದು ಬೀಳ್ಕೊಡುತ್ತಾನೆ. ಇತಿಹಾಸದ ಹ್ಯುಯೆನ್ ತ್ಸಾಂಗ್ ಗಡಿ ದಾಟಿದ್ದು ರಾಜಾಜ್ಞೆಯನ್ನು ಮೀರಿ, ಕದ್ದುಮುಚ್ಚಿ. ಮರಳಿದ್ದು 645ರಲ್ಲಿ, 657 ಗ್ರಂಥಗಳೊಂದಿಗೆ. ಆಗ ಅದೇ ರಾಜಧಾನಿ ಅವನನ್ನು ಮೆರೆಸಿತು. ಆಜ್ಞೆ ಮುರಿದು ಹೊರಟವನು ಅವನೇ ಆಗಿದ್ದ, ಕಥೆ ಕಟ್ಟಿದವರು ಆ ಒರಟುತನವನ್ನು ಅವನಿಂದ ಬಿಡಿಸಿ ಕೋತಿಗೆ ಕೊಟ್ಟರೇನೋ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಆ ಭಿಕ್ಷು ನಮ್ಮ ನಾಡನ್ನೂ ಕಂಡವನು. ಇಮ್ಮಡಿ ಪುಲಕೇಶಿಯ ರಾಜ್ಯದ ಬಗ್ಗೆ ಅವನು ಬರೆದಿಟ್ಟದ್ದು ನಮಗೆಲ್ಲ ಶಾಲೆಯಿಂದಲೇ ಗೊತ್ತು: ಹರ್ಷನಿಗೆ ಮಣಿಯದ ಅರಸ, ಯುದ್ಧಕ್ಕೆ ಮುನ್ನ ಮದ್ಯ ಕುಡಿಸಿದ ಆನೆಗಳು. ಅದೇ ಪುಟಗಳಲ್ಲಿ ಜನರ ಸ್ವಭಾವವನ್ನೂ ಹೇಳುತ್ತಾನೆ. ಉಪಕಾರ ಮಾಡಿದವರನ್ನು ಇವರು ಮರೆಯುವುದಿಲ್ಲ, ಅವಮಾನವಾದರೆ ಪ್ರಾಣ ಪಣಕ್ಕಿಟ್ಟು ತೀರಿಸಿಕೊಳ್ಳುತ್ತಾರೆ, ಅದೂ ಎದುರಾಳಿಗೆ ಮೊದಲೇ ಎಚ್ಚರಿಕೆ ಕೊಟ್ಟು. ಬಾವುಟ ಏರಿಸಿ ಸ್ವರ್ಗಕ್ಕೆ ಸವಾಲು ಹಾಕಿದ ಕೋತಿ ನನಗೆ ಪರಕೀಯನಾಗಿ ಕಾಣದಿರಲು ಇದೂ ಒಂದು ಕಾರಣ.

ಸಿಂಗಪುರದ ಕನ್ನಡತಿ

ಇಲ್ಲಿ ಅವನು ಕಾದಂಬರಿಯ ಪಾತ್ರವಲ್ಲ, ದೇವರು. ಚೀನಾದ ಫೂಜಿಯಾನ್ ಕಡೆಯಿಂದ ಬಂದ ಕುಟುಂಬಗಳು ಮಹಾಮುನಿಯ ಗುಡಿಗಳನ್ನು ಕಟ್ಟಿಕೊಂಡಿವೆ. ಚಾಂದ್ರಮಾನದ ಎಂಟನೆಯ ತಿಂಗಳಿನ ಹುಣ್ಣಿಮೆಯ ಮರುದಿನ ಅವನ ಹುಟ್ಟುಹಬ್ಬ. ಮೈಮೇಲೆ ದೇವರು ಬರುವವರೂ ಇದ್ದಾರೆ. ಅಂಥವರು ಕೋತಿಯಂತೆ ಕಣ್ಣು ಮಿಟುಕಿಸಿ, ಮೈ ಕೆರೆದುಕೊಂಡು, ಕೈಯಲ್ಲಿ ದಂಡ ಹಿಡಿದು ಬಂದವರ ಕಷ್ಟ ಕೇಳುತ್ತಾರೆ. ನಾನು ಮೊದಲ ಸಲ ನೋಡಿದಾಗ ನಮ್ಮೂರ ಭೂತದ ಕೋಲ ನೆನಪಾಗಿ ಕೈ ತಾನಾಗಿಯೇ ಮುಗಿದಿತ್ತು.

ಗುಡಿಯಲ್ಲಿದ್ದ ಅಜ್ಜಿಯೊಬ್ಬರನ್ನು ಕೇಳಿದೆ, ಸ್ವರ್ಗದಲ್ಲಿ ಕಳ್ಳತನ ಮಾಡಿ ಶಿಕ್ಷೆ ಅನುಭವಿಸಿದವನನ್ನು ಯಾಕೆ ಪೂಜಿಸುತ್ತೀರಿ ಎಂದು. ಅವರು ಹಣ್ಣಿನ ತಟ್ಟೆ ಸರಿಪಡಿಸುತ್ತಲೇ ಹೇಳಿದರು: “ದೊಡ್ಡ ದೇವರ ಹತ್ತಿರ ಹೋಗಲು ನಮಗೆ ಹೆದರಿಕೆ. ಇವನಿಗೆ ಬೈಸಿಕೊಂಡು ಗೊತ್ತು.” ಗುಡಿಯಲ್ಲಿ ಅವನಿಗೆ ಬಳಸುವ ಹೆಸರು ಕೂಡ ಆ ಬಿರುದೇ, ಸ್ವರ್ಗಕ್ಕೆ ಸಮನಾದ ಮಹಾಮುನಿ. ಸಂಬಳವಿಲ್ಲದ ಬಿರುದೆಂದು ಚಕ್ರವರ್ತಿ ಕೊಟ್ಟದ್ದನ್ನು ಜನ ನಿಜವೆಂದು ಹಿಡಿದುಕೊಂಡಿದ್ದಾರೆ.

ಹಳೆಯ ಮೇಷ್ಟ್ರು

ಅಜ್ಜಿಯ ಮಾತಿಗೆ ನಾನು ಎದುರಾಡಲಾರೆ. ಆದರೂ ಏಳನೆಯ ಅಧ್ಯಾಯವನ್ನು ಮರೆಯಬೇಡಿ. ಅಲ್ಲಿ ಅವನು ಕೇಳುವುದು ಮರ್ಯಾದೆಯನ್ನಲ್ಲ, ಸಿಂಹಾಸನವನ್ನು. ಅರಸುತನ ಸರದಿಯಲ್ಲಿ ಬರುವಂಥದ್ದು, ಬರುವ ವರ್ಷ ನಮ್ಮ ಮನೆಗೆ ಎನ್ನುತ್ತಾನೆ. ಬುದ್ಧನ ಅಂಗೈಯಿಂದ ಹಾರಿ ಲೋಕದ ಅಂಚಿಗೆ ಬಂದೆನೆಂದು ನಂಬಿ, ಐದು ಕಂಬಗಳ ನಡುವಿನದರ ಮೇಲೆ ತನ್ನ ಬಿರುದನ್ನು ಬರೆದು, ಮೊದಲನೆಯ ಕಂಬದ ಬುಡದಲ್ಲಿ ಉಚ್ಚೆ ಹೊಯ್ದು ಬರುತ್ತಾನೆ. ಕಂಬಗಳು ಬುದ್ಧನ ಬೆರಳುಗಳು. ಅವಮಾನದ ನೋವು ಎಲ್ಲೋ ಒಂದು ಕಡೆ ದೊರೆತನದ ಹಸಿವಾಗಿ ತಿರುಗಿತು. ಆ ತಿರುವನ್ನು ನೀವು ಮಕ್ಕಳಿಗೆ ತೋರಿಸದಿದ್ದರೆ ಅರ್ಧ ಕಥೆ ಹೇಳಿದಂತೆ.

ಅವನ ಹೆಸರನ್ನೂ ಬಿಡಿಸಿ ಹೇಳಿ. ವುಕಾಂಗ್ ಎಂದರೆ ಶೂನ್ಯವನ್ನು ಅರಿತವನು. ಕಾದಂಬರಿಕಾರ ಅವನನ್ನು ಮತ್ತೆ ಮತ್ತೆ ‘ಮನವೆಂಬ ಕೋತಿ’ ಎನ್ನುತ್ತಾನೆ. ಕೊಂಬೆಯ ಮೇಲಿನ ಮರ್ಕಟದಂತೆ ಜಿಗಿಯುವ ಮನಸ್ಸನ್ನು ಬಸವಣ್ಣನವರ ಬಾಯಲ್ಲಿ ಕೇಳಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ವಿವರಿಸಲು ಎರಡು ಮಾತು ಸಾಕು.

ಭಾನುವಾರದ ಕಥೆಗಾರ

ಮೇಷ್ಟ್ರೇ, ಸಿಂಹಾಸನದ ಮಾತನ್ನು ಖಂಡಿತ ಹೇಳುತ್ತೇನೆ. ಆದರೆ ಅವನು ಅದನ್ನು ಹೇಳುವುದು ಯಾವಾಗ? ಸೆರೆಸಿಕ್ಕು, ಲಾವೋತ್ಸೆಯ ಕುಲುಮೆಯಲ್ಲಿ ನಲವತ್ತೊಂಬತ್ತು ದಿನ ಬೆಂದು ಹೊರಬಂದ ಮೇಲೆ. ಗಾಳಿಯ ಮೂಲೆಯಲ್ಲಿ ಮುದುರಿ ಕುಳಿತು ಜೀವ ಉಳಿಸಿಕೊಂಡ, ಹೊಗೆಗೆ ಕಣ್ಣು ಶಾಶ್ವತವಾಗಿ ಕೆಂಪಾಯಿತು. ನಾಲ್ಕನೆಯ ಅಧ್ಯಾಯದಲ್ಲಿ ಬಿರುದೊಂದಕ್ಕೇ ಸಂತೋಷಪಟ್ಟು ಸುಮ್ಮನಾಗಿದ್ದವನು ಏಳನೆಯದರಲ್ಲಿ ಸಿಂಹಾಸನ ಕೇಳುವಂತಾದದ್ದು ಹೇಗೆ ಎಂಬುದನ್ನೇ ನಾನು ಮಕ್ಕಳ ಮುಂದೆ ಬಿಡಿಸಬೇಕೆಂದಿದ್ದೇನೆ. ತೀರ್ಪನ್ನು ಅವರೇ ಹೇಳಲಿ.

ಕೊನೆಯ ಭಾನುವಾರಕ್ಕೆ ಒಂದು ವಿವರವನ್ನು ಕಾಯ್ದಿಟ್ಟುಕೊಂಡಿದ್ದೇನೆ. ಕೋತಿಯನ್ನು ಪಂಚಭೂತಗಳ ಬೆಟ್ಟದ ಕೆಳಗೆ ಅದುಮಿದ ಮೇಲೆ ದೇವಲೋಕದಲ್ಲಿ ಬುದ್ಧನ ಗೌರವಾರ್ಥ ದೊಡ್ಡ ಔತಣ ನಡೆಯುತ್ತದೆ. ಊಟದ ನಡುವೆ ಸುದ್ದಿ ಬರುತ್ತದೆ: ಅವನು ತಲೆ ಹೊರಗೆ ಚಾಚಿದ್ದಾನೆ. ಬುದ್ಧ ‘ಓಂ ಮಣಿಪದ್ಮೇ ಹೂಂ’ ಎಂದು ಬರೆದ ಚೀಟಿ ಕೊಟ್ಟು ಬೆಟ್ಟದ ಮೇಲೆ ಅಂಟಿಸಲು ಹೇಳುತ್ತಾನೆ. ಬೆಟ್ಟ ಬೇರು ಬಿಡುತ್ತದೆ. ಹಸಿದರೆ ಕಬ್ಬಿಣದ ಗುಂಡು, ಬಾಯಾರಿದರೆ ಕರಗಿಸಿದ ತಾಮ್ರ. ಐದುನೂರು ವರ್ಷ. ಔತಣಕ್ಕೆ ಕರೆಯಲಿಲ್ಲವೆಂದು ಸಿಟ್ಟಾದವನು, ಆ ಔತಣದ ಸದ್ದನ್ನು ಬೆಟ್ಟದ ಕೆಳಗಿನಿಂದ ಕೇಳಿರಬಹುದೇ?

ತುಂಗೆಯ ದಡದಿಂದ

ಮಕ್ಕಳನ್ನು ಬೆಟ್ಟದ ಕೆಳಗೆ ಬಿಟ್ಟು ಮನೆಗೆ ಕಳಿಸಬೇಡಿ. ಎಂಟನೆಯ ಭಾನುವಾರವೊಂದನ್ನು ಸೇರಿಸಿಕೊಳ್ಳಿ. ಹದಿನಾಲ್ಕನೆಯ ಅಧ್ಯಾಯದಲ್ಲಿ ಭಿಕ್ಷು ಬಂದು ಚೀಟಿ ಕೀಳುತ್ತಾನೆ. ಅದೇ ಅಧ್ಯಾಯದಲ್ಲಿ, ಮಂತ್ರ ಹೇಳಿದರೆ ಬಿಗಿಯುವ ಚಿನ್ನದ ಪಟ್ಟಿ ಅವನ ತಲೆಗೆ ಬೀಳುತ್ತದೆ, ಅದೂ ಮೋಸದಿಂದಲೇ, ಒಳ್ಳೆಯ ಟೋಪಿಯೆಂದು ಹೇಳಿ ತೊಡಿಸಿ. ಕೊನೆಯ ಅಧ್ಯಾಯದಲ್ಲಿ ಅವನು ಬುದ್ಧಪದವಿಗೆ ಏರುತ್ತಾನೆ. ಇನ್ನಾದರೂ ಇದನ್ನು ತೆಗೆಯಿರಿ ಎಂದು ಕೇಳಿದಾಗ ಭಿಕ್ಷು, ತಲೆ ಮುಟ್ಟಿ ನೋಡಿಕೋ ಎನ್ನುತ್ತಾನೆ. ಪಟ್ಟಿ ಇರುವುದಿಲ್ಲ.

ಭಾನುವಾರದ ಕಥೆಗಾರ

ಎಂಟು ಭಾನುವಾರಗಳೇ ಆಗಲಿ. ಗ್ರಂಥಪಾಲಕರನ್ನು ಕೇಳಿದೆ, ಒಪ್ಪಿದ್ದಾರೆ. ‘ಮಹಾಸಾಹಣಿ’ ಮತ್ತು ‘ಲಾಯದಾಳು’ ಎರಡನ್ನೂ ಬಳಸುತ್ತೇನೆ, ಶಾಸನಪ್ರಿಯರಿಗೆ ಕೃತಜ್ಞತೆಗಳು. ನಾಲ್ಕನೆಯ ಅಧ್ಯಾಯದ ಊಟದ ದೃಶ್ಯವನ್ನು ಈ ಪದಗಳೊಂದಿಗೆ ಇನ್ನೊಮ್ಮೆ ಹೇಳಿ, ಆಮೇಲೆ ತೋಟಕ್ಕೆ ಹೋಗುತ್ತೇನೆ. ದೇವಕನ್ಯೆಯರ ಮಾತನ್ನು ಏಳು ಜನ ಹುಡುಗಿಯರಿಂದಲೇ ಆಡಿಸುವ ಯೋಚನೆಯಿದೆ.

ಅದರ ಮುಂದಿನ ವಾರ, ಕೋತಿಯನ್ನು ಹಿಡಿಯಲು ಚಕ್ರವರ್ತಿ ಕರೆಸಿದ ವೀರ ಎರ್‌ಲಾಂಗ್ ಜೊತೆಗಿನ ರೂಪಾಂತರಗಳ ಕಾಳಗ. ಕೋತಿ ಗುಬ್ಬಿಯಾದರೆ ಅವನು ಗಿಡುಗ, ಕೋತಿ ಮೀನಾದರೆ ಅವನು ಮೀನು ಹಿಡಿಯುವ ಹಕ್ಕಿ. ಕೊನೆಗೆ ಕೋತಿ ಗುಡಿಯೇ ಆಗುತ್ತಾನೆ: ಬಾಯಿ ಬಾಗಿಲು, ಹಲ್ಲು ಕದ, ಕಣ್ಣು ಕಿಟಕಿ. ಬಾಲವನ್ನು ಏನು ಮಾಡುವುದೆಂದು ತೋಚದೆ ಗುಡಿಯ ಹಿಂದೆ ಧ್ವಜಸ್ತಂಭವಾಗಿ ನಿಲ್ಲಿಸುತ್ತಾನೆ. ಗುಡಿಯ ಹಿಂದೆ ಧ್ವಜಸ್ತಂಭ ಇರುವುದುಂಟೇ ಎಂದು ಎರ್‌ಲಾಂಗ್ ಕಂಡುಹಿಡಿದುಬಿಡುತ್ತಾನೆ. ನಮ್ಮೂರ ಗುಡಿಯ ಧ್ವಜಸ್ತಂಭ ಎದುರಿಗಿದೆ. ಅದನ್ನು ಮೊದಲು ಗುರುತಿಸುವ ಮಗು ಯಾವುದೆಂದು ನೋಡಬೇಕು.